ನಡುವೆ ಬಾಯಿ ಹಾಕಿದವರು

ವಿಶಾಖಪಟ್ಟಣದ ಆಫೀಸಿನಲ್ಲಿ ನನಗೆ ಬೇರೆಯವರ ಮಾತನ್ನು ಬರೆದುಕೊಳ್ಳುವ ಕೆಲಸ ಸಿಕ್ಕಿತ್ತು. ಬ್ಯಾಂಕಿನ ಯಾವುದಾದರೂ ಶಾಖೆಯಲ್ಲಿ ಸಿಬ್ಬಂದಿಯ ಮೇಲೆ ದೂರು ಬಂದರೆ ಇಲಾಖಾ ವಿಚಾರಣೆ ನಡೆಯುತ್ತದೆ. ಅಲ್ಲಿ ಒಂದು ಮೂಲೆಯಲ್ಲಿ ಕೂತು, ಯಾರು ಏನು ಕೇಳಿದರು, ಯಾರು ಏನು ಉತ್ತರ ಕೊಟ್ಟರು ಎಂಬುದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಬೇಕು. ಮಾತಾಡುವವರು ಮಾತಾಡುವುದು ತೆಲುಗಿನಲ್ಲಿ. ನಾನು ದಾವಣಗೆರೆಯವಳು. ಕಿವಿಗೆ ಬಿದ್ದ ತೆಲುಗು ತಲೆಯಲ್ಲಿ ಕನ್ನಡವಾಗಿ, ಬೆರಳಿಗೆ ಬರುವಷ್ಟರಲ್ಲಿ ಇಂಗ್ಲಿಷಾಗಬೇಕಿತ್ತು. ಊರಿನವಳಲ್ಲದ ಕಾರಣ ನಾನು ಯಾರ ಪರವನ್ನೂ ವಹಿಸುವುದಿಲ್ಲ ಎಂದು ನಂಬಿ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು.

ಮೊದಲ ವರ್ಷ ನನ್ನ ಮೇಲಧಿಕಾರಿಯಾಗಿದ್ದವರು ನಿವೃತ್ತಿಗೆ ಹತ್ತಿರವಾಗಿದ್ದ ಶಿಸ್ತಿನ ಮನುಷ್ಯ. ನಾನು ಬರೆದ ಹಾಳೆಗಳನ್ನು ಹಸಿರು ಇಂಕಿನಲ್ಲಿ ತಿದ್ದುತ್ತಿದ್ದರು. ಒಮ್ಮೆ ಒಬ್ಬ ಜನರಲ್ ಮ್ಯಾನೇಜರು ಸಾಕ್ಷಿಯ ಮಾತಿನ ಮಧ್ಯೆ ಏನೋ ಹೇಳಿದ್ದನ್ನು ನಾನು 'ಇಂಟರಪ್ಟೆಡ್' ಎಂದು ಬರೆದಿದ್ದೆ. ಅವರು ಆ ಪದವನ್ನು ಹೊಡೆದುಹಾಕಿ 'ಇಂಟರ್ವೀನ್ಡ್' ಎಂದು ಬರೆದರು. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುಗಿಸಿ, ಅದರ ಹಿಂಬದಿಯಲ್ಲಿ ಪದಗಳನ್ನು ಬರೆಯುತ್ತಾ ಪಾಠ ಹೇಳಿದರು. ಮೇಲಿನವರು ಮಧ್ಯೆ ಮಾತಾಡಿದರೆ ಇಂಟರ್ವೀನ್. ಕೆಳಗಿನವರು ಮಾತಾಡಿದರೆ ಇಂಟರಪ್ಟ್. ಮಾತಾಡಿದವರು ಮುಖ್ಯರಲ್ಲ, ಆದರೂ ಅವರ ಮಾತು ದಾಖಲಾಗಬೇಕು ಎಂದರೆ ಇಂಟರ್ಜೆಕ್ಟ್. ಹೌದೌದು ಎಂದು ದನಿಗೂಡಿಸಿದವರಿಗೆ ಚೈಮ್ ಇನ್. ಕರೆಯದೆ ಮೂಗು ತೂರಿಸುವುದಕ್ಕೆ ಬಟ್ ಇನ್ ಎಂಬುದೊಂದಿದೆ, ಅದನ್ನು ಆಫೀಸಿನಲ್ಲಿ ಬರೆಯಬಾರದು, ಮನೆಯಲ್ಲಿ ಅತ್ತೆಯ ಬಗ್ಗೆ ಹೇಳುವಾಗ ಬಳಸಬಹುದು ಎಂದರು. ಅವರು ಮಾಡಿದ ತಮಾಷೆ ನನಗೆ ನೆನಪಿರುವುದು ಅದೊಂದೇ.

ಕನ್ನಡದಲ್ಲಿ ನಮಗೆ ಇಷ್ಟೆಲ್ಲ ಇರಲಿಲ್ಲ. ನಡುವೆ ಬಾಯಿ ಹಾಕಬೇಡ ಎನ್ನುತ್ತಿದ್ದರು, ಮುಗಿಯಿತು. ದೊಡ್ಡವರು ಬಾಯಿ ಹಾಕಿದರೆ ಅದಕ್ಕೆ ಹೆಸರೇ ಇರಲಿಲ್ಲ.

ನಮ್ಮ ಮನೆಯಲ್ಲಿ ಬಾಯಿ ಹಾಕುತ್ತಿದ್ದವರು ನನ್ನ ಯಜಮಾನರು. ಅವರು ಅಲ್ಲಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ ಹದಿನಾಲ್ಕು ವರ್ಷ ಇದ್ದೆವು. ನಾನು ಯಾರಿಗಾದರೂ ಏನಾದರೂ ಹೇಳಲು ಶುರು ಮಾಡಿದರೆ ಸಾಕು, ಪಕ್ಕದಿಂದ "ಅಲ್ಲ, ಅಲ್ಲ" ಎನ್ನುತ್ತಿದ್ದರು. ಅನಕಾಪಲ್ಲಿಯಿಂದ ಬೆಲ್ಲ ತಂದಿದ್ದು ಶನಿವಾರ ಎಂದರೆ, ಅಲ್ಲ, ಭಾನುವಾರ. ಎರಡು ಅಚ್ಚು ಎಂದರೆ, ಅಲ್ಲ, ಮೂರು, ಒಂದನ್ನು ಪಕ್ಕದ ಮನೆಗೆ ಕೊಟ್ಟೆವಲ್ಲ. ಅವರು ತಿದ್ದಿ ಮುಗಿಸುವಷ್ಟರಲ್ಲಿ ನಾನು ಹೇಳಹೊರಟಿದ್ದು ಏನೆಂದು ಕೇಳುವವರಿಗೂ ಮರೆತಿರುತ್ತಿತ್ತು, ನನಗೂ ಮರೆತಿರುತ್ತಿತ್ತು. ಮಗಳು ಇಬ್ಬರನ್ನೂ ನೋಡಿ ತೆಲುಗಿನಲ್ಲಿ ಏನೋ ಗೊಣಗಿ ಎದ್ದುಹೋಗುತ್ತಿದ್ದಳು.

ಅವರು ತೀರಿಕೊಂಡ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನನಗೆ ಫೋನ್ ಮಾಡಿದ್ದರು. ನಾನು ಮೀಟಿಂಗಿನಲ್ಲಿದ್ದೆ. "ಕೇಳು, ಒಂದು ವಿಷಯ" ಎಂದರು. ಆಮೇಲೆ ಮಾಡ್ತೀನಿ ಎಂದು ಪಿಸುಗುಟ್ಟಿ ಕಟ್ ಮಾಡಿದೆ. ಮೀಟಿಂಗ್ ಮುಗಿಸಿ ಹೊರಗೆ ಬಂದಾಗ ಕಾರ್ಖಾನೆಯ ಆಸ್ಪತ್ರೆಯಿಂದ ಆರು ಕರೆಗಳು ಬಂದಿದ್ದವು. ಕಂಟ್ರೋಲ್ ರೂಮಿನ ಮೆಟ್ಟಿಲಲ್ಲಿ ಕೂತವರು ಹಾಗೆಯೇ ಪಕ್ಕಕ್ಕೆ ಒರಗಿದರಂತೆ. ಅವರು ಹೇಳಬೇಕೆಂದಿದ್ದ ವಿಷಯ ಯಾವುದು ಎಂದು ಬಹಳ ದಿನ ಯೋಚಿಸಿದೆ. ಗ್ಯಾಸ್ ಬುಕ್ ಮಾಡುವುದಾಗಿರಬಹುದು. ಹಿಂದಿನ ದಿನ ಸಿಲಿಂಡರು ಖಾಲಿಯಾಗಿತ್ತು. ಹದಿಮೂರನೆಯ ದಿನ ಮುಗಿದ ಮೇಲೆ ನಾನೇ ಬುಕ್ ಮಾಡಿದೆ.

ನನಗೆ ಅಳು ಬರಲಿಲ್ಲ. ಬರುತ್ತದೆ ಎಂದು ಎಲ್ಲರೂ ಕಾದರು, ನಾನೂ ಕಾದೆ. ಊರಿಂದ ಬಂದಿದ್ದ ನನ್ನ ಅಕ್ಕ ರಾತ್ರಿ ಮಗ್ಗುಲಲ್ಲೇ ಮಲಗಿ, ಹತ್ತು ದಿನ ಕಾದು, ಕೊನೆಗೆ ಸುಸ್ತಾಗಿ ದಾವಣಗೆರೆಗೆ ಹೊರಟುಹೋದಳು. ಕ್ವಾರ್ಟರ್ಸ್ ಬಿಡಬೇಕಾದ ಗಡುವು ಹತ್ತಿರ ಬಂತು. ಮಗಳು ಅದೇ ಊರಿನಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಳು, ಹಾಸ್ಟೆಲಿಗೆ ಹೋಗುತ್ತೇನೆ ಎಂದಳು. ಒಬ್ಬಳಿಗಾಗಿ ಆ ಊರಿನಲ್ಲಿ ಮನೆ ಹುಡುಕುವ ಮನಸ್ಸಾಗಲಿಲ್ಲ. ವಿಜಯವಾಡದ ಆಫೀಸಿನಲ್ಲಿ ಜಾಗ ಖಾಲಿಯಿತ್ತು, ನಾನೇ ಕೇಳಿ ವರ್ಗ ಮಾಡಿಸಿಕೊಂಡೆ. ಅಲ್ಲಿಯೂ ಅದೇ ಕೆಲಸ, ಅದೇ ಮೂಲೆ, ಬೇರೆ ಕೀಬೋರ್ಡು.

ವಿಜಯವಾಡಕ್ಕೆ ಹೋದ ನಾಲ್ಕನೆಯ ತಿಂಗಳು ಆ ವಿಚಾರಣೆ ಶುರುವಾಯಿತು.

ಆರೋಪ ಹೊತ್ತಿದ್ದವರು ಪೇಟೆಯೊಳಗಿನ ಒಂದು ಶಾಖೆಯ ಹೆಡ್ ಕ್ಲರ್ಕು. ಐವತ್ತೆಂಟರ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ದಪ್ಪ ದನಿ. ಹತ್ತೊಂಬತ್ತು ವರ್ಷದಿಂದ ಪಿಂಚಣಿ ಕೌಂಟರಿನಲ್ಲಿದ್ದರು. ಇಬ್ರಾಹಿಂಪಟ್ನಂ ಕಡೆಯಿಂದ ಬರುವ ಮುದುಕರು ಬೇರೆ ಕೌಂಟರ್ ಖಾಲಿಯಿದ್ದರೂ ಅವರ ಮುಂದೆಯೇ ಸಾಲು ನಿಲ್ಲುತ್ತಿದ್ದರಂತೆ. ಮೇಲಿನ ಆಫೀಸಿನಿಂದ ದೊಡ್ಡ ಅಧಿಕಾರಿಯೊಬ್ಬರು ಶಾಖೆಗೆ ಬಂದು ಸಿಬ್ಬಂದಿಯ ಸಭೆ ನಡೆಸಿದಾಗ, ಇವರು ಆ ಅಧಿಕಾರಿಯ ಮಾತಿನ ಮಧ್ಯೆ ನಾಲ್ಕು ಸಲ ಮಾತಾಡಿದರು. ನಿಲ್ಲಿಸಿ ಎಂದರೂ ನಿಲ್ಲಿಸಲಿಲ್ಲ. ಎಲ್ಲರ ಎದುರು ಬೇಕೆಂದೇ ಅವಮಾನ ಮಾಡಿದರು ಎಂದು ಅಧಿಕಾರಿ ಬರೆದುಕೊಟ್ಟಿದ್ದರು. ಇದಿಷ್ಟೇ ಆರೋಪ. ಆದರೆ ಅವಿಧೇಯತೆ ಎಂದು ಸಾಬೀತಾದರೆ ನಿವೃತ್ತಿಗೆ ಎರಡು ವರ್ಷವಿರುವ ಮನುಷ್ಯನ ಹುದ್ದೆ ಕೆಳಗಿಳಿಯಬಹುದಿತ್ತು.

ವಿಚಾರಣಾಧಿಕಾರಿ ಬೇರೆ ಜಿಲ್ಲೆಯಿಂದ ಬಂದವರು. ಕೆಟ್ಟವರಲ್ಲ. ತಲೆ ತಗ್ಗಿಸಿ ಫೈಲು ಓದುತ್ತಲೇ ಪ್ರಶ್ನೆ ಕೇಳುವುದು ಅವರ ಅಭ್ಯಾಸ. ಮೊದಲ ದಿನ ಅವರು ಆರೋಪಪಟ್ಟಿಯನ್ನು ಅರ್ಧ ಓದಿ ಪುಟ ತಿರುವುತ್ತಿದ್ದಾಗ ಹೆಡ್ ಕ್ಲರ್ಕು ತಮ್ಮ ಸಮಜಾಯಿಷಿ ಶುರು ಮಾಡಿದರು. ಅಧಿಕಾರಿ ಕೈಯೆತ್ತಿ ನಿಲ್ಲಿಸಿ, ಓದು ಮುಂದುವರಿಸಿದರು. ಎರಡು ನಿಮಿಷಕ್ಕೆ ಮತ್ತೆ ಅದೇ ಆಯಿತು. ಅಧಿಕಾರಿ ನನ್ನ ಕಡೆ ತಿರುಗಿ, ಇದನ್ನು ಬರೆದುಕೊಳ್ಳಿ ಎಂದರು. ನಾನು 'ಇಂಟರಪ್ಟೆಡ್' ಎಂದು ಬರೆದೆ. ಕೆಳಗಿನವರಿಗೆ ಬಳಸುವ ಪದ ಅದೇ. ಬೆರಳಿಗೆ ತಾನಾಗಿ ಬಂತು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಹಿಂಬದಿಯ ಸಣ್ಣ ಕೋಣೆಯಲ್ಲಿ ನಾನು ಡಬ್ಬಿ ತೆರೆದು ಕೂತಿದ್ದೆ. ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಹೆಡ್ ಕ್ಲರ್ಕು ತಮ್ಮ ಕ್ಯಾರಿಯರ್ ತಂದು ಎದುರಿಗೆ ಕೂತರು. ವಿಚಾರಣೆಯ ವಿಷಯ ಎತ್ತಲಿಲ್ಲ. ಗೋಂಗೂರ ಪಚ್ಚಡಿಯನ್ನು ನನ್ನ ಕಡೆ ಸರಿಸಿ, ಯಾವ ಊರು, ಎಷ್ಟು ಮಕ್ಕಳು ಎಂದು ಕೇಳಿದರು. ಅವರು ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಟ್ಟೆ. ನಾನು ಹಣೆಗೆ ಬೊಟ್ಟು ಇಡುವುದನ್ನು ಬಿಟ್ಟಿರಲಿಲ್ಲ. ಅದನ್ನು ನೋಡಿ ಇರಬೇಕು, ನಿಮ್ಮ ಯಜಮಾನರು ಏನು ಕೆಲಸ ಮಾಡುತ್ತಾರೆ ಎಂದರು.

ನಾನು ಡಬ್ಬಿಯನ್ನೇ ನೋಡುತ್ತಾ, "ಮಾ ವಾರು ಪೋಯಾರಂಡಿ. ಸಂವತ್ಸರಂ ಅಯಿಂದಿ" ಎಂದೆ. ನನ್ನವರು ಹೋದರು, ಒಂದು ವರ್ಷವಾಯಿತು.

ಅವರು ಮುಗುಳ್ನಕ್ಕು ತಲೆಯಾಡಿಸಿದರು. "ಮಂಚಿದಿ, ಮಂಚಿದಿ" ಎಂದರು. ಒಳ್ಳೆಯದು, ಒಳ್ಳೆಯದು.

ನನ್ನ ತೆಲುಗು ತಪ್ಪಾಯಿತೇನೋ ಎಂದುಕೊಂಡೆ. ಹೋಗುವುದಕ್ಕೆ ಅಲ್ಲಿ ಎರಡು ಮಾತುಗಳಿವೆ. ಒಂದು ಊರಿಗೆ ಹೋಗುವುದು, ಇನ್ನೊಂದು ತಿರುಗಿ ಬಾರದೆ ಹೋಗುವುದು. ಎಷ್ಟೋ ವರ್ಷ ಅಲ್ಲಿದ್ದರೂ ಅವಸರದಲ್ಲಿ ಅದಲುಬದಲು ಮಾಡುತ್ತಿದ್ದೆ. ಇಲ್ಲ, ಸರಿಯಾಗಿಯೇ ಹೇಳಿದ್ದೆ. ಕೋಪ ಬರಬೇಕಿತ್ತು. ಬರಲಿಲ್ಲ. ಅನ್ನ ಕಲಸುತ್ತಾ ಅವರ ಮುಖ ನೋಡಿದೆ. ಅಲ್ಲಿ ವ್ಯಂಗ್ಯವಿರಲಿಲ್ಲ, ಕುಹಕವಿರಲಿಲ್ಲ. ಊಟದ ಜೊತೆಗಾರರಿಗೆ ತೋರಿಸುವ ಸಾಮಾನ್ಯವಾದ ಒಂದು ನಗುವಿತ್ತು, ಅಷ್ಟೇ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ತಲೆ ತಗ್ಗಿಸಿದ್ದೆನಲ್ಲ, ಆಗ ತುಟಿ ಕಾಣದೆ ಅವರಿಗೆ ಏನೂ ಸಿಕ್ಕಿರಲಿಲ್ಲ. ಸಿಗದಿದ್ದಾಗ ಒಳ್ಳೆಯದು ಎಂದು ಹೇಳಿ ದಾಟಿಬಿಡುವುದನ್ನು ಅವರು ಯಾವ ಕಾಲದಿಂದಲೋ ರೂಢಿ ಮಾಡಿಕೊಂಡಿದ್ದರು.

ಮಧ್ಯಾಹ್ನದ ಮೇಲೆ ಅವರನ್ನು ಗಮನಿಸುತ್ತಾ ಕೂತೆ. ವಿಚಾರಣಾಧಿಕಾರಿ ಎದುರು ನೋಡಿ ಮಾತಾಡಿದಾಗ ಅವರು ಒಂದು ಸಲವೂ ಅಡ್ಡ ಬರಲಿಲ್ಲ. ಅಧಿಕಾರಿ ತಲೆ ತಗ್ಗಿಸಿದ ಕೂಡಲೇ, ಅವರ ಸರದಿ ಮುಗಿಯಿತು, ಈಗ ನನ್ನದು ಎಂದುಕೊಂಡು ಶುರು ಮಾಡುತ್ತಿದ್ದರು. ಪಿಂಚಣಿ ಕೌಂಟರಿನಲ್ಲಿ ಇದು ಯಾರಿಗೂ ಗೊತ್ತಾಗದಿದ್ದುದು ಸಹಜ. ಅಲ್ಲಿಗೆ ಬರುವವರಲ್ಲಿ ಅರ್ಧ ಜನಕ್ಕೆ ಕಿವಿ ಮಂದ. ಗಾಜಿನ ಆಚೆಯಿಂದ ಅವರು ಕಿರುಚುತ್ತಿದ್ದರು, ಈಚೆಯಿಂದ ಇವರು ಕಿರುಚುತ್ತಿದ್ದರು. ಒಬ್ಬರಿಗೊಬ್ಬರು ಹೊಂದಿಕೊಂಡಿದ್ದರು.

ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ. ಅದನ್ನು ಒಪ್ಪಿಕೊಳ್ಳಬೇಕು. ಎರಡನೆಯ ದಿನ ಪೂರ್ತಿ ಸುಮ್ಮನೆ ಟೈಪು ಮಾಡಿದೆ. ಅವರು ಮಾತಾಡಿದಾಗಲೆಲ್ಲ ಅದೇ ಪದ. ಸಂಜೆ ಪ್ರಿಂಟು ತೆಗೆದು, ಪ್ರತಿ ಹಾಳೆಗೂ ಎಲ್ಲರ ಸಹಿ ಹಾಕಿಸಿದೆ. ಅವರೂ ಓದಿ ಸಹಿ ಹಾಕಿದರು. ಹೇಳಬೇಕು ಎಂದು ಅನ್ನಿಸಿದ್ದು ನಿಜ. ಆದರೆ ಆ ದಿನಗಳಲ್ಲಿ ನನಗೆ ಅನ್ನಿಸಿದ್ದೆಲ್ಲ ಗಾಜಿನ ಆಚೆ ಯಾರಿಗೋ ಅನ್ನಿಸಿದಂತೆ ಇರುತ್ತಿತ್ತು. ಬಸ್ಸಿನ ಕಿಟಕಿಯಿಂದ ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಮೇಲೆ ದೀಪ ಹತ್ತುವುದನ್ನು ನೋಡುತ್ತಾ ಮನೆಗೆ ಹೋದೆ, ಅನ್ನಕ್ಕಿಟ್ಟೆ, ಮಗಳಿಗೆ ಫೋನ್ ಮಾಡಿದೆ.

ಮೂರನೆಯ ದಿನ ಬೆಳಗ್ಗೆ ವಿಚಾರಣಾಧಿಕಾರಿ ಮುಖ್ಯ ಪ್ರಶ್ನೆಗೆ ಬಂದರು. ಅಂದು ಸಭೆಯಲ್ಲಿ ನಿಮಗೆ ನಿಲ್ಲಿಸಿ ಎಂದು ಹೇಳಿದ್ದು ನಿಜವೇ, ಎಂದು ಕಾಗದ ನೋಡುತ್ತಾ ಶುರು ಮಾಡಿದರು. ಪ್ರಶ್ನೆ ಇನ್ನೂ ಮುಗಿದಿರಲಿಲ್ಲ. ಹೆಡ್ ಕ್ಲರ್ಕು ತಮ್ಮ ದಪ್ಪ ದನಿಯಲ್ಲಿ ಶಾಖೆಯ ಬಾಗಿಲಲ್ಲಿ ವೃದ್ಧರಿಗೆ ಇಳಿಜಾರು ಕಟ್ಟಿಸಬೇಕು, ಸಭೆಯಲ್ಲಿ ನಾನು ಹೇಳಿದ್ದು ಅದನ್ನೇ ಎಂದು ವಿವರಿಸತೊಡಗಿದರು. ಅಧಿಕಾರಿ ಪೆನ್ನು ಮೇಜಿನ ಮೇಲೆ ಇಟ್ಟರು. ಇದುವರೆಗೆ ಎಷ್ಟು ಸಲ ಆಯಿತು ಎಂದು ನನ್ನನ್ನು ಕೇಳಿದರು. ಹಾಳೆಗಳನ್ನು ನೋಡಿ ಹನ್ನೊಂದು ಎಂದೆ. ನನ್ನ ಎದುರೇ ಹನ್ನೊಂದು ಸಲ ಮಾಡಿದವರು ಅಂದು ಮಾಡಿಲ್ಲ ಎಂದು ಹೇಗೆ ನಂಬಲಿ, ಅದನ್ನೂ ಬರೆದುಕೊಳ್ಳಿ ಎಂದರು.

ನನ್ನ ಕೈ ಕೀಬೋರ್ಡಿನ ಮೇಲೆಯೇ ಇತ್ತು. ಬಾಯಿ ಮಾತ್ರ ತೆರೆಯಿತು.

"ಸಾರ್, ಆಯನಕಿ ವಿನಪಡದು" ಎಂದೆ. ಅವರಿಗೆ ಕೇಳಿಸುವುದಿಲ್ಲ ಸಾರ್.

ಅಧಿಕಾರಿ ಮೊದಲು ನನ್ನ ದನಿ ಎಲ್ಲಿಂದ ಬಂತು ಎಂಬಂತೆ ನೋಡಿದರು. ಮೂರು ದಿನದಲ್ಲಿ ಯಾರೂ ಪ್ರಶ್ನೆ ಕೇಳದೆ ನಾನು ಆಡಿದ ಮೊದಲ ಮಾತು ಅದು. ನೀವು ಬರೆಯುವವರು, ಮಧ್ಯೆ ಮಾತಾಡಕೂಡದು ಎಂದು ಮೆಲ್ಲಗೆ ಹೇಳಿದರು. ಹೆಡ್ ಕ್ಲರ್ಕಿಗೆ ನಾನೇನು ಹೇಳಿದೆ ಎಂಬುದು ತಿಳಿದಿರಲಿಲ್ಲ. ಅವರು ಇಳಿಜಾರಿನ ವಿಷಯವನ್ನೇ ಮುಂದುವರಿಸಿದ್ದರು. ಅಧಿಕಾರಿ ಸ್ವಲ್ಪ ಹೊತ್ತು ಅವರನ್ನೇ ನೋಡಿದರು. ಆಮೇಲೆ ಫೈಲನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದು, ಎಂದಿನ ದನಿಯಲ್ಲಿ, "ಮೀದಿ ಏ ಊರು?" ಎಂದು ಕೇಳಿದರು. ನಿಮ್ಮದು ಯಾವ ಊರು?

ಹೆಡ್ ಕ್ಲರ್ಕು ಮಾತು ನಿಲ್ಲಿಸಿದರು. ಫೈಲಿನ ಹಿಂಭಾಗವನ್ನು ನೋಡಿದರು. ನನ್ನ ಕಡೆ ಒಮ್ಮೆ ನೋಡಿದರು. ನಾನು ಕೀಬೋರ್ಡು ನೋಡುತ್ತಿದ್ದೆ.

"ಅವುನು ಸಾರ್" ಎಂದರು. ಹೌದು ಸಾರ್.

ಅಧಿಕಾರಿ ಫೈಲನ್ನು ಕೆಳಗಿಟ್ಟು, ವೈದ್ಯಕೀಯ ಪರೀಕ್ಷೆಗಾಗಿ ವಿಚಾರಣೆಯನ್ನು ಮುಂದೂಡಲಾಗಿದೆ ಎಂದು ಬರೆಸಿದರು. ನಾನು ಹೇಳಿದ ಮಾತನ್ನು ಬರೆಯಲೇ ಎಂದು ಕೇಳಿದೆ. ಬೇಡ, ನೀವು ಈ ಕಲಾಪದ ಭಾಗವಲ್ಲ ಎಂದರು. ಹಾಗಾಗಿ ಅದು ಯಾವ ಹಾಳೆಯಲ್ಲೂ ಇಲ್ಲ.

ಹೊರಗೆ ಮೆಟ್ಟಿಲ ಹತ್ತಿರ ಹೆಡ್ ಕ್ಲರ್ಕು ನನಗಾಗಿ ನಿಂತಿದ್ದರು. ನಾನು ಹೇಳಿದ್ದೇನು ಎಂಬುದನ್ನು ಅಷ್ಟರಲ್ಲಿ ಯಾರೋ ಅವರಿಗೆ ತಿಳಿಸಿದ್ದರು. ಥ್ಯಾಂಕ್ಸ್ ಹೇಳಲು ನಿಂತಿದ್ದಾರೆ ಎಂದು ನಾನು ತಿಳಿದಿದ್ದರೆ ಅದು ನನ್ನ ತಪ್ಪು.

"ಮಿಮ್ಮಲ್ನಿ ಎವರು ಅಡಿಗಾರಂಡಿ?" ಎಂದರು. ನಿಮ್ಮನ್ನು ಯಾರು ಕೇಳಿದರು?

ಅದೇ ದಪ್ಪ ದನಿ. ಕೆಳಗಿನ ಹಾಲಿನವರೆಲ್ಲ ತಲೆಯೆತ್ತಿ ನೋಡಿದರು. ಏಳು ವರ್ಷದಿಂದ ಹೀಗೆಯೇ ನಡೆಸಿಕೊಂಡು ಬಂದಿದ್ದೆ ಎಂದರು. ಮನೆಯಲ್ಲಿ ಹೆಂಡತಿ ನಾನು ಜಂಭದವನು, ಅವಳ ಮಾತಿಗೆ ಬೆಲೆ ಕೊಡುವುದಿಲ್ಲ ಎಂದುಕೊಂಡಿದ್ದಾಳೆ, ಹಾಗೆಯೇ ಇರಲಿ ಎಂದು ಬಿಟ್ಟಿದ್ದೆ. ಸೊಕ್ಕಿನವನು ಎಂದು ಶಿಕ್ಷೆಯಾಗಿದ್ದರೆ ಆಗಲಿ ಎಂದಿದ್ದೆ. ಈಗ ನಾಳೆಯಿಂದ ಕಿವುಡ ಎನ್ನುತ್ತಾರೆ. ಇದನ್ನೆಲ್ಲ ಹೇಳುವಾಗ ಅವರು ನನ್ನ ಬಾಯಿಯನ್ನು ನೋಡುತ್ತಿರಲಿಲ್ಲ. ಉತ್ತರ ಬೇಕಿರಲಿಲ್ಲ.

ಪರೀಕ್ಷೆಯಲ್ಲಿ ಎರಡು ಕಿವಿಗಳೂ ಬಹಳಷ್ಟು ಹೋಗಿವೆ ಎಂದು ತಿಳಿಯಿತು. ಮೂರು ವಾರದ ನಂತರ ವಿಚಾರಣಾಧಿಕಾರಿ ಮತ್ತೆ ಬಂದರು. ವರದಿ ಬರೆಯುವ ಮುನ್ನ ನನ್ನ ಹಾಳೆಗಳನ್ನು ಮುಂದಿಟ್ಟುಕೊಂಡು, ಈ ಹನ್ನೊಂದು ಕಡೆ ಬೇರೆ ಏನಾದರೂ ಪದ ಹಾಕಬಹುದಿತ್ತೇ ಎಂದು ಕೇಳಿದರು. ಕೇಳಿಸದೆ ಮಾತಾಡಿದವನಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ? ನಾನು ಯೋಚಿಸಿದೆ. ಕ್ಯಾಲೆಂಡರಿನ ಹಿಂದೆ ಬರೆದುಕೊಟ್ಟ ಯಾವ ಪದವೂ ಹೊಂದಲಿಲ್ಲ. 'ಸೆಡ್' ಎಂದಿದ್ದರೆ ಸಾಕಿತ್ತು ಸಾರ್ ಎಂದೆ. ಹೇಳಿದರು, ಅಷ್ಟೇ. ಅವರು ತಲೆಯಾಡಿಸಿದರು. ಆದರೆ ಸಹಿಯಾದ ಹಾಳೆಗಳನ್ನು ತಿದ್ದುವಂತಿರಲಿಲ್ಲ. ಅವು ಹಾಗೆಯೇ ಫೈಲಿನಲ್ಲಿ ಉಳಿದವು.

ಆರೋಪ ಬಿದ್ದುಹೋಯಿತು. ಮುಂದೆ ಎಚ್ಚರದಿಂದಿರಿ ಎಂದು ಒಂದು ಕಾಗದ ಕೊಟ್ಟು ಮುಗಿಸಿದರು. ಹುದ್ದೆ ಇಳಿಯಲಿಲ್ಲ. ಆದರೆ ಕಿವಿ ಕೇಳದವರನ್ನು ಕೌಂಟರಿನಲ್ಲಿ ಕೂರಿಸುವುದು ಹೇಗೆ ಎಂದು ಯಾರೋ ಕೇಳಿ, ಅವರನ್ನು ಹಳೆಯ ಕಾಗದಗಳ ಕೋಣೆಗೆ ಹಾಕಿದರು. ಅಲ್ಲಿ ಅವರು ಯಾರೊಂದಿಗೂ ಮಾತಾಡಬೇಕಾದ ಅಗತ್ಯವಿರಲಿಲ್ಲ. ಪಿಂಚಣಿಯವರು ಕೆಲವು ತಿಂಗಳು ಕೇಳಿಕೊಂಡು ಬಂದರಂತೆ, ಆಮೇಲೆ ಬೇರೆ ಕೌಂಟರಿಗೆ ಹೊಂದಿಕೊಂಡರಂತೆ. ಇದನ್ನೆಲ್ಲ ನಾನು ಶಾಖೆಯವರಿಂದ ಕೇಳಿ, ಆಫೀಸಿನ ಕಾಗದಗಳಲ್ಲಿ ಓದಿ ತಿಳಿದೆ. ಒಳ್ಳೆಯದು ಮಾಡಿದೆ ಎಂದೂ ಅನ್ನಿಸಲಿಲ್ಲ, ಕೆಟ್ಟದ್ದು ಎಂದೂ ಅನ್ನಿಸಲಿಲ್ಲ. ಓದಿ ಕಾಗದವನ್ನು ಅದರ ಫೈಲಿಗೆ ಸೇರಿಸಿದೆ.

ಮರುವರ್ಷ ಬೇಸಿಗೆಯಲ್ಲಿ ಅವರು ನಮ್ಮ ಆಫೀಸಿಗೆ ಬಂದರು. ಕಿವಿಯಂತ್ರ ಕೊಂಡಿದ್ದರು, ಅದರ ಹಣ ವಾಪಸು ಪಡೆಯುವ ಅರ್ಜಿಗೆ ನಮ್ಮ ವಿಭಾಗದ ಸಹಿ ಬೇಕಿತ್ತು. ನನ್ನ ಮೇಜಿನ ಎದುರು ಕೂತರು. ಯಂತ್ರ ಹೇಗಿದೆ ಎಂದು ಕೇಳಿದೆ. ತಟ್ಟೆ ಲೋಟಗಳ ಸದ್ದು ತಲೆಗೆ ಹೊಡೆದ ಹಾಗಾಗುತ್ತದೆ, ಫ್ಯಾನಿನ ಸದ್ದು ಇಷ್ಟೊಂದು ಎಂದು ಗೊತ್ತಿರಲಿಲ್ಲ ಎಂದರು. ಹೆಂಡತಿ ಏಳು ವರ್ಷದಿಂದ ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳುತ್ತಿದ್ದಾಳಂತೆ. ನೀವು ಅಂದು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಎಂದರು. ಇರಬಹುದು ಎಂದೆ. ನಿಜಕ್ಕೂ ಇರಬಹುದು ಎನ್ನಿಸಿತ್ತು.

ಆಮೇಲೆ ಅವರು, ಮೊದಲ ದಿನ ಊಟದ ಹೊತ್ತಿನಲ್ಲಿ ನಿಮ್ಮ ಯಜಮಾನರ ಬಗ್ಗೆ ಕೇಳಿದ್ದೆ, ನೀವು ಏನು ಹೇಳಿದಿರಿ ಎಂದು ಆವತ್ತು ಗೊತ್ತಾಗಲಿಲ್ಲ ಎಂದರು. ನಾನು ಮುಖವೆತ್ತಿ ಅವರ ಎದುರು ನೋಡಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ. ಅವರು ಹೇಗಾಯಿತು ಎಂದು ಕೇಳಲಿಲ್ಲ. ಬಹಳ ಹೊತ್ತು ಅರ್ಜಿಯ ಮೂಲೆಯನ್ನು ಮಡಿಸಿ ಬಿಡಿಸುತ್ತಿದ್ದರು. ಅವರೂ ಸಹಿ ಹಾಕಬೇಕಾದ ಜಾಗವನ್ನು ನಾನು ತೋರಿಸಿದೆ. ಸಹಿ ಹಾಕಿ ಎದ್ದು ನಿಂತು, ಪಾಪ ಎಲ್ಲಿದ್ದಾಳೆ ಎಂದು ಮಗಳ ಬಗ್ಗೆ ಕೇಳಿದರು. ವಿಶಾಖಪಟ್ಟಣದಲ್ಲಿ ಓದುತ್ತಿದ್ದಾಳೆ ಎಂದೆ. ದಸರಾಕ್ಕೆ ಬರುತ್ತಾಳಲ್ಲ, ಬೆಟ್ಟಕ್ಕೆ ನಮ್ಮ ಮನೆಯವರ ಜೊತೆ ಬರಲಿ, ನಮ್ಮ ಮನೆ ಬೆಟ್ಟದ ಬುಡದಲ್ಲೇ ಇದೆ, ಊಟಕ್ಕೂ ಅಲ್ಲಿಯೇ ಇರಲಿ ಎಂದರು. ಆಗಲಿ ಎಂದೆ. ಅವರ ಊರಿನಲ್ಲಿ ಕರೆದರೆ ಇಲ್ಲ ಎನ್ನಬಾರದು ಎಂಬುದು ಅಷ್ಟು ವರ್ಷದಲ್ಲಿ ನನಗೆ ಅಭ್ಯಾಸವಾಗಿತ್ತು.

ದಸರಾಕ್ಕೆ ಮಗಳು ಬಂದಳು. ನನಗೆ ಆ ದಿನ ಕೆಲಸವಿತ್ತು, ಅವಳೊಬ್ಬಳೇ ಹೋದಳು. ಸಂಜೆ ಕೈಯಲ್ಲಿ ಪ್ರಸಾದದ ಪೊಟ್ಟಣ, ಜೊತೆಗೆ ಒಂದು ಬಾಟಲಿ ಮಾವಿನಕಾಯಿ ಉಪ್ಪಿನಕಾಯಿ ಹಿಡಿದು ಬಂದಳು. ಅವಳ ಕನ್ನಡದಲ್ಲಿ ಈಗ ಅರ್ಧಕ್ಕರ್ಧ ತೆಲುಗು. ಆಂಟಿ ಚಾಲಾ ಒಳ್ಳೆಯವರು, ಆ ಅಂಕಲ್ ಮಾತ್ರ ಯಾರಿಗೂ ಮಾತಾಡಕ್ಕೆ ಬಿಡಲ್ಲಮ್ಮ, ನಾನು ಕಾಲೇಜ್ ಹೆಸರು ಹೇಳೋದರೊಳಗೆ ಅವರೇ ನಾಲ್ಕು ಕಾಲೇಜ್ ಹೆಸರು ಹೇಳಿದರು ಎಂದಳು.

"ಕಿವಿಗೆ ಮಿಷನ್ ಹಾಕಿಕೊಂಡಿದ್ದರಾ?" ಎಂದು ಕೇಳಿದೆ.

"ಎರಡು ಕಿವಿಗೂ ಇತ್ತು" ಎಂದಳು.

ನೀನೇನು ಮಾಡಿದೆ ಎಂದು ಕೇಳಿದೆ. ಏನು ಮಾಡೋದು, ಊಟ ಚೆನ್ನಾಗಿತ್ತು, ತಿಂದೆ ಎಂದಳು. ಉಪ್ಪಿನಕಾಯಿಯನ್ನು ಎಲ್ಲಿ ಇಡಲಿ ಎಂದಳು. ಫ್ರಿಜ್ಜಿನಲ್ಲಿ ಬೇಡ, ಮೇಲಿನ ಗೂಡಿನಲ್ಲಿಡು ಎಂದೆ. ಅವಳು ಸ್ಟೂಲು ಎಳೆದುಕೊಂಡು ಹತ್ತಿದಳು. ನಾನು ಅವಳ ಕಾಲು ಹಿಡಿದುಕೊಂಡು ನಿಂತೆ.